ಹೆಸರು ಬದಲಿಸಿದರೂ ನಡೆಯುವ ಜೋಕು ನನಗೆ ಬೇಡ

ರಾಜಕೀಯ ಹಾಸ್ಯ ಕೇಳುವಾಗ ನಾನು ಮನಸ್ಸಿನಲ್ಲೇ ಒಂದು ಕೆಲಸ ಮಾಡುತ್ತೇನೆ. ಜೋಕಿನಲ್ಲಿರುವ ನಾಯಕನ ಹೆಸರು ತೆಗೆದು ಎದುರು ಪಕ್ಷದವನ ಹೆಸರು ಇಟ್ಟು ನೋಡುತ್ತೇನೆ. ಆಗಲೂ ಜೋಕು ಹಾಗೇ ನಡೆದರೆ ಅದನ್ನು ಅಲ್ಲಿಗೇ ಬಿಟ್ಟುಬಿಡುತ್ತೇನೆ. ‘ರೊಕ್ಕ ತಿಂದ’, ‘ಸದನದಾಗ ನಿದ್ದಿ ಹೊಡೆದ’, ‘ಮಗನಿಗೆ ಟಿಕೆಟ್ ಕೊಡಿಸಿದ’ ಎಂಬ ಮಾತುಗಳಿಗೆ ಯಾರ ಹೆಸರು ಅಂಟಿಸಿದರೂ ಸಭೆ ನಗುತ್ತದೆ. ನಕ್ಕವರು ‘ಎಲ್ಲಾರೂ ಅಷ್ಟ ಬಿಡ್ರಿ’ ಅನ್ನುತ್ತ ಮನೆಗೆ ಹೋಗುತ್ತಾರೆ. ಎಲ್ಲರೂ ಅಷ್ಟೇ ಅಂದಮೇಲೆ ಯಾರನ್ನೂ ಏನೂ ಕೇಳುವ ಕಾರಣ ಉಳಿಯುವುದಿಲ್ಲ. ಅಧಿಕಾರದಲ್ಲಿರುವವರಿಗೆ ಇದಕ್ಕಿಂತ ಅನುಕೂಲದ ನಗು ಇನ್ನೊಂದಿಲ್ಲ. ನನಗೆ ಬೇಕಾದದ್ದು ಒಂದು ತೀರ್ಮಾನಕ್ಕೆ, ಒಂದು ತಾರೀಖಿಗೆ, ಒಂದು ಸಹಿಗೆ ಅಂಟಿಕೊಂಡು ಹುಟ್ಟಿದ ಜೋಕು. ಅಲ್ಲಿಂದ ಕಿತ್ತು ಬೇರೆ ಕಡೆ ಇಟ್ಟರೆ ಅದು ಸತ್ತುಹೋಗಬೇಕು.

ಬರೀ ಕೇಳುತ್ತಿದ್ದ ಕಾಲದಲ್ಲಿ ಈ ಅಭಿರುಚಿ ನನ್ನೊಳಗೆ ಮಸುಕಾಗಿ ಮಾತ್ರ ಇತ್ತು. ಹುಬ್ಬಳ್ಳಿಯ ಒಂದು ಕೆಫೆಯಲ್ಲಿ ಐದು ನಿಮಿಷ ಮೈಕ್ ಹಿಡಿಯಲು ಒಪ್ಪಿಕೊಂಡೆ. ಅದಕ್ಕಾಗಿ ಬರೆದೆ, ಮನೆಯವರ ಮುಂದೆ ಓದಿದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. 2025ರ ಆ ಮಳೆಗಾಲದಲ್ಲಿ ಅದು ಗಟ್ಟಿಯಾಯಿತು.

ನನ್ನ ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ಸು ಹತ್ತಿ ಇಯರ್‌ಫೋನ್ ಹಾಕಿಕೊಂಡರೆ ಹೊಸೂರು ಬರುವತನಕ ಹಾಸ್ಯವೇ. ನಮ್ಮ ಭಾಗದ ಎಲ್ಲರಂತೆ ನನಗೂ ಮೊದಲ ಪಾಠ ಹಾಸ್ಯ ಸಂಜೆಗಳದು. ಗಂಗಾವತಿ ಪ್ರಾಣೇಶ್, ನರಸಿಂಹ ಜೋಶಿ, ರಿಚರ್ಡ್ ಲೂಯಿಸ್, ಕೃಷ್ಣೇಗೌಡರನ್ನು ಕೇಳುತ್ತಲೇ ಬೆಳೆದವಳು ನಾನು. ಬೀಚಿಯವರ ತಿಂಮನನ್ನು ಓದುವ ಮೊದಲೇ ಪ್ರಾಣೇಶರ ಬಾಯಲ್ಲಿ ಕೇಳಿದ್ದೆ. ಉತ್ತರ ಕರ್ನಾಟಕದ ಮಾತಿಗೆ ವೇದಿಕೆಯ ಮೇಲೆ ಗೌರವ ತಂದುಕೊಟ್ಟವರಲ್ಲಿ ಅವರು ದೊಡ್ಡವರು. ಆ ಸಂಜೆಗಳ ಜೀವ ಇದ್ದದ್ದು ಮನೆ, ಮದುವೆ, ಸಾಲೆ ಮಾಸ್ತರು, ಅತ್ತೆ ಸೊಸೆ, ಬಸ್ ಸ್ಟ್ಯಾಂಡಿನಲ್ಲಿ. ರಾಜಕೀಯ ಬಂದರೆ ಒಂದು ಚಾಟಿ ಬೀಸಿ ಮುಂದಿನ ಪ್ರಸಂಗಕ್ಕೆ ಹೋಗುತ್ತಿತ್ತು.

ರಾಜಕೀಯವನ್ನೇ ನೆಚ್ಚಿ ನಿಂತವರೆಂದರೆ ಮಾಸ್ಟರ್ ಹಿರಣ್ಣಯ್ಯ. 1934ರಲ್ಲಿ ಹುಟ್ಟಿ 2019ರ ಮೇ ತಿಂಗಳಲ್ಲಿ ತೀರಿಕೊಂಡ ಅವರನ್ನು ನಾನು ನೇರವಾಗಿ ನೋಡಿಲ್ಲ. ನೋಡಿದವರು ನಮ್ಮ ಕಾಕಾ. ನಾಟಕ ನಡೆಯುತ್ತಿರುವಾಗಲೇ ಕಥೆ ಬಿಟ್ಟು ಹೊರಬಂದು, ಆ ದಿನದ ಪೇಪರಿನಲ್ಲಿ ಬಂದ ಸುದ್ದಿ ಹಿಡಿದು ಆಳುವವರನ್ನು ತರಾಟೆಗೆ ತೆಗೆದುಕೊಂಡು, ಮತ್ತೆ ಕಥೆಯೊಳಗೆ ಹೋಗುತ್ತಿದ್ದರಂತೆ. ‘ಹಿರಣ್ಣಯ್ಯ ಹೆಸರು ತಗದ ಬೈತಿದ್ದ. ಯಾಕ ಬೈದ ಅಂತ ಲೆಕ್ಕಾನೂ ಕೊಡ್ತಿದ್ದ’ ಎಂದು ಕಾಕಾ ಹೇಳುವಾಗ ಆ ‘ಲೆಕ್ಕ’ ಎಂಬ ಮಾತು ನನ್ನ ಕಿವಿಯಲ್ಲಿ ಉಳಿದುಬಿಟ್ಟಿತು.

ಅಮೆರಿಕದಲ್ಲೂ ಇದೇ ಪದ್ಧತಿಯವನೊಬ್ಬನಿದ್ದ ಎಂದು ತಿಳಿದಾಗ ಬಹಳ ಖುಷಿಯಾಯಿತು. ಮಾರ್ಟ್ ಸಾಲ್ 1953ರ ಕೊನೆಗೆ ಸ್ಯಾನ್‌ಫ್ರಾನ್ಸಿಸ್ಕೋದ ಒಂದು ಸಣ್ಣ ನೆಲಮಾಳಿಗೆ ಕ್ಲಬ್ಬಿನಲ್ಲಿ ಶುರುಮಾಡಿದ. ಅವನ ಹಿಂದಿನ ಹಾಸ್ಯಗಾರರು ಸೂಟು, ಟೈ ಹಾಕಿ ಹೆಂಡತಿ, ಅತ್ತೆಯ ಜೋಕು ಹೇಳುತ್ತಿದ್ದ ಕಾಲ ಅದು. ಇವನು ಸ್ವೆಟರ್ ಹಾಕಿಕೊಂಡು, ಕೈಯಲ್ಲಿ ಸುರುಳಿ ಸುತ್ತಿದ ಪೇಪರ್ ಹಿಡಿದು ನಿಲ್ಲುತ್ತಿದ್ದ. ಐಸೆನ್‌ಹೋವರ್ ಕಾಲದಲ್ಲಿ ಐಸೆನ್‌ಹೋವರ್ ಬಗ್ಗೆ, ಕೆನಡಿ ಕಾಲದಲ್ಲಿ ಕೆನಡಿ ಬಗ್ಗೆ ಮಾತಾಡಿದ. ಕೆನಡಿ ಗೆಲ್ಲಲಿ ಎಂದು ಮೊದಲು ಅವರಿಗೇ ಜೋಕು ಬರೆದುಕೊಟ್ಟವನು, ಗೆದ್ದಮೇಲೆ ಅವರನ್ನೂ ಬಿಡಲಿಲ್ಲ. ಗೆದ್ದವರ ಹಿಂದೆ ಬೀಳಬೇಕು ಎಂಬ ಈ ನಿಯಮ ನನಗೆ ಬಹಳ ದೊಡ್ಡದೆನಿಸುತ್ತದೆ. ನಾವು ವೋಟು ಹಾಕಿದವರು ಗೆದ್ದಾಗ ನಮ್ಮ ನಗು ಎಲ್ಲಿ ಹೋಗುತ್ತದೆ ಎಂಬುದರಲ್ಲೇ ಅಭಿರುಚಿಯ ಪರೀಕ್ಷೆ ಇದೆ.

ಕೆಫೆಯವರು ವಿದ್ಯಾನಗರದಲ್ಲಿ ಶನಿವಾರದ ಓಪನ್ ಮೈಕ್ ನಡೆಸುತ್ತಿದ್ದರು. ಎಂಜಿನಿಯರಿಂಗ್ ಹುಡುಗರು ಹೆಚ್ಚು ಬರುತ್ತಿದ್ದರು. ನಾನು ಕೂತು ಕೇಳಿ ಬರುತ್ತಿದ್ದವಳು. ಒಂದು ಸಂಜೆ ಚಹಾ ಕುಡಿಯುತ್ತ, ಹುಡುಗನೊಬ್ಬನ ಜೋಕು ಯಾಕೆ ಬೀಳಲಿಲ್ಲ ಎಂದು ಅವನಿಗೇ ವಿವರಿಸುತ್ತಿದ್ದೆ. ನಡೆಸುವ ಹುಡುಗ ಪಕ್ಕದಲ್ಲೇ ನಿಂತಿದ್ದ. ‘ಅಕ್ಕಾರ, ಇಷ್ಟ ಗೊತ್ತೈತಿ ಅಂದಮ್ಯಾಲ ನೀವ ಬರ್ರಲ್ಲಾ’ ಎಂದ. ಒಪ್ಪಿಕೊಂಡೆ.

ಮೊದಲು ಮಾಡಿದ ಕೆಲಸ, ಕೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಯಾವ ಸಾಲಿಗೆ ನಕ್ಕೆ, ಯಾವುದಕ್ಕೆ ಬರೀ ಮುಗುಳ್ನಕ್ಕೆ, ಯಾವುದಕ್ಕೆ ಮುಖ ಗಂಟಿಕ್ಕಿತು ಎಂದು ಬರೆಯುತ್ತ ಹೋದಂತೆ ನನ್ನ ರುಚಿ ನನಗೇ ಕಾಣತೊಡಗಿತು. ಮಿಮಿಕ್ರಿಗೆ ಜೋರಾಗಿ ನಗುತ್ತಿದ್ದೆ, ಆದರೆ ಮರುದಿನ ಅದರ ಒಂದು ಸಾಲೂ ನೆನಪಿರುತ್ತಿರಲಿಲ್ಲ. ದೊಡ್ಡವರ ದನಿ, ಕೈ ತಿರುವುವ ರೀತಿ, ಕನ್ನಡಕ ಸರಿಮಾಡಿಕೊಳ್ಳುವ ಚೇಷ್ಟೆ, ಇವನ್ನೆಲ್ಲ ನೋಡಿ ನಕ್ಕಾಗ ಅವರು ನಮಗೆ ಇನ್ನಷ್ಟು ಹತ್ತಿರದವರಾಗುತ್ತಾರೆ. ಮನೆಯ ಹಿರಿಯರ ಅನುಕರಣೆ ಮಾಡಿ ನಗುವಾಗ ಇರುವಂಥ ಪ್ರೀತಿಯೇ ಅಲ್ಲಿಯೂ ಇರುತ್ತದೆ. ಅವರು ಸಹಿ ಹಾಕಿದ ಕಾಗದದ ಸುದ್ದಿ ಎಲ್ಲಿಯೂ ಬರುವುದಿಲ್ಲ. ಶ್ಯಾಮ್ ರಂಗೀಲಾ ಇದಕ್ಕೆ ಒಂದು ಅಪವಾದ. ಪ್ರಧಾನಿಯ ದನಿ ಅನುಕರಿಸಿ ಹೆಸರಾದ ಅವರು 2024ರಲ್ಲಿ ವಾರಾಣಸಿಯಲ್ಲಿ ಅದೇ ಪ್ರಧಾನಿಯ ಎದುರು ನಾಮಪತ್ರ ಸಲ್ಲಿಸಿದರು. ಅದು ತಿರಸ್ಕೃತವಾಯಿತು. ಅನುಕರಣೆಯನ್ನು ಚುನಾವಣೆಯ ಕಚೇರಿಯ ಮೇಜಿನವರೆಗೆ ಒಯ್ದ ಆ ಧೈರ್ಯದ ಮುಂದೆ ನನ್ನ ತಕರಾರು ಸಣ್ಣದು.

ಮೈಬಣ್ಣ, ಎತ್ತರ, ಜಾತಿ, ಹೆಂಡತಿಯ ವಿಷಯದ ಜೋಕುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವನ್ನು ಬರೆದಿಟ್ಟ ಪುಟಗಳನ್ನು ಓದಿದಾಗ ಹಾಳೆ ಹೊಲಸಾದಂತೆ ಅನ್ನಿಸಿತು.

ಶಕ್ತಿ ಯೋಜನೆಯ ಜೋಕುಗಳು ಬೇರೆ ರೀತಿಯಲ್ಲಿ ನೋಯಿಸಿದವು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಬಸ್ ಉಚಿತವಾದ ಮೇಲೆ ಎಷ್ಟೋ ತಿಂಗಳು ವಾಟ್ಸಾಪಿನಲ್ಲಿ, ವೇದಿಕೆಯಲ್ಲಿ ಅದೇ. ‘ಹೆಂಗಸ್ರು ಧರ್ಮಸ್ಥಳಕ್ಕ ಹೊಂಟ್ರು, ಗಂಡಸ್ರು ಒಲಿ ಮುಂದ ಕುಂತ್ರು’ ಎಂಬ ಧಾಟಿ. ಸರಕಾರ ಮಾಡಿದ ಯೋಜನೆಗೆ ನಗುವ ಬದಲು ಅದನ್ನು ಬಳಸಿದ ಹೆಂಗಸನ್ನು ನೋಡಿ ನಗುತ್ತಿದ್ದರು. ನಾನು ಇದನ್ನು ಸಿಟ್ಟಿನಿಂದ ಹೇಳುತ್ತಿದ್ದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ವಾರಕ್ಕೊಮ್ಮೆಯಾದರೂ ಕಲಘಟಗಿಗೆ ತವರುಮನೆಗೆ ಬಸ್ಸಿನಲ್ಲಿ ಹೋಗಿಬರುವವಳು ಅವಳು. ಕೈ ನಿಲ್ಲಿಸದೆ ಹೇಳಿದಳು: ‘ಮೊದಲ ರೊಕ್ಕಾ ಕೊಟ್ಟ ನಿಂತ ಹೊಕ್ಕಿದ್ವಿ. ಈಗ ಪುಕ್ಕಟ ನಿಂತ ಹೊಕ್ಕೀವಿ. ಯಾ ಸರಕಾರ ಬಂದ್ರೂ ನಿಲ್ಲೂದ ಮಾತ್ರ ತಪ್ಪಿಲ್ಲ ನೋಡವಾ.’

ನಾನು ರೊಟ್ಟಿ ತಿನ್ನುವುದು ಬಿಟ್ಟು ನೋಟ್‌ಬುಕ್ ತಂದೆ. ಟಿಕೆಟ್ ಪುಕ್ಕಟೆ ಮಾಡಿದವರು ಬಸ್ಸುಗಳ ಸಂಖ್ಯೆ ಅದಕ್ಕೆ ತಕ್ಕಂತೆ ಹೆಚ್ಚಿಸಿದರೇ ಎಂಬ ಪ್ರಶ್ನೆ ಆ ಮೂರು ಸಾಲಿನಲ್ಲಿ ಪೂರ್ತಿ ಇತ್ತು. ಹೆಂಗಸಿನ ಮರ್ಯಾದೆಗೆ ಎಲ್ಲಿಯೂ ಧಕ್ಕೆ ಇರಲಿಲ್ಲ. ಮೊದಲಿನ ಸರಕಾರಕ್ಕೂ ಒಂದು ಪೆಟ್ಟು, ಈಗಿನದಕ್ಕೂ ಒಂದು. ಎರಡೂ ಪೆಟ್ಟು ಬೇರೆ ಬೇರೆ ಕಾರಣಕ್ಕೆ, ಇದು ಮುಖ್ಯ. ‘ಎಲ್ಲಾರೂ ಅಷ್ಟ’ ಅನ್ನುವವರು ಕಾರಣಗಳನ್ನು ಕಲಸಿಬಿಡುತ್ತಾರೆ, ಅವ್ವ ಬಿಡಿಸಿ ಇಟ್ಟಿದ್ದಳು. ನನ್ನ ಸೆಟ್ಟಿನ ಮೊದಲ ಜೋಕು ಅವ್ವನದೇ ಆಯಿತು. ವೇದಿಕೆಯಲ್ಲೂ ಅದನ್ನು ಅವ್ವನ ಮಾತೆಂದೇ ಹೇಳಿದೆ.

ಆಮೇಲೆ ಬರೆಯಲು ಕೂತದ್ದು ನಮ್ಮ ಪಾಲಿಕೆಯ ಬಗ್ಗೆ. ಇಲ್ಲಿ ಒಂದು ಜೋಕಿನ ಕಥೆ ಪೂರ್ತಿ ಹೇಳುತ್ತೇನೆ, ಯಾಕೆಂದರೆ ನಾನು ಕಲಿತದ್ದರಲ್ಲಿ ಹೆಚ್ಚಿನದು ಇದರಿಂದಲೇ.

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ 82 ವಾರ್ಡುಗಳಿಗೆ 2021ರ ಸೆಪ್ಟೆಂಬರ್ 3ರಂದು ಮತದಾನವಾಯಿತು. 6ರಂದು ಎಣಿಕೆ. ಬಿಜೆಪಿಗೆ 39, ಕಾಂಗ್ರೆಸ್ಸಿಗೆ 33. ಮೇಯರ್ ಆಯ್ಕೆಯಾದದ್ದು 2022ರ ಮೇ ತಿಂಗಳ ಕೊನೆಗೆ. ಅಲ್ಲಿಯತನಕ ಗೆದ್ದ ಸದಸ್ಯರಿದ್ದರು, ಸಭೆ ಇರಲಿಲ್ಲ. ಚರಂಡಿ ತುಂಬಿದರೆ ಹೇಳಿಕೊಳ್ಳಲು ಹೋದ ನಮ್ಮ ಓಣಿಯವರಿಗೆ ಹೊಸ ಸದಸ್ಯರು ‘ನಂಗಿನ್ನೂ ಅಧಿಕಾರ ಬಂದಿಲ್ರಿ’ ಅನ್ನುತ್ತಿದ್ದರು. ತಾರೀಖುಗಳನ್ನು ಹಾಳೆಯ ಮೇಲೆ ಬರೆದು ನೋಡುತ್ತಿದ್ದಂತೆ ಎದ್ದು ಕಂಡಿತು: ಹತ್ತಿರ ಹತ್ತಿರ ಒಂಬತ್ತು ತಿಂಗಳು.

ಹೀಗೆ ಬರೆದೆ: ‘ನಾವು ವೋಟ್ ಹಾಕಿದ ವಾರ ನಮ್ಮ ಓಣ್ಯಾಗಿನ ಹುಡುಗಿಗೆ ವಾಂತಿ ಸುರು ಆತು. ಸೀಮಂತ ಆತು, ಮೇಯರ್ ಬರಲಿಲ್ಲ. ಹಡದಳು, ಮೇಯರ್ ಬರಲಿಲ್ಲ. ಕೂಸಿನ ತೊಟ್ಟಲದಾಗ ಹಾಕಿ ಹೆಸರಿಟ್ರು. ಪಾಲಿಕಿ ತೊಟ್ಟಲ ಇನ್ನೂ ಖಾಲಿ ಇತ್ರಿ. ಅಕಿದು ನಾರ್ಮಲ್ ಡೆಲಿವರಿ. ನಮ್ಮ ರಾಜ್ಯದಾಗ ಸರಕಾರ ಹುಟ್ಟಬೇಕಂದ್ರ ಆಪರೇಷನ್ ಬೇಕ!’

ಮನೆಯಲ್ಲಿ ಓದಿದಾಗ ಕೊನೆಯ ಸಾಲಿಗೆ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಕಾಕಾ ಮಾತ್ರ ಸುಮ್ಮನಿದ್ದರು. ಅವರು ಒಂದು ಪಕ್ಷದ ಹಳೆಯ ಕಾರ್ಯಕರ್ತರು. ಬೂತಿನ ಚೀಟಿ ಬರೆದು ಬರೆದು ಬೆರಳು ಸವೆಸಿದವರು. ಸಿಟ್ಟಾದರೇನೋ ಅಂದುಕೊಂಡೆ. ‘ಸಿಟ್ಟಿಲ್ಲವಾ. ಆಪರೇಷನ್ ಅಂದ್ರ ಶಾಸಕರ ರಾಜೀನಾಮಿ ಕೊಡಿಸಿ ಮತ್ತ ಎಲೆಕ್ಷನ್‌ಗೆ ನಿಲ್ಲಸೂದು. ಮೇಯರ್ ತಡ ಆಗಿದ್ದು ಅದಕ್ಕಲ್ಲ. ಎರಡೂ ಕೂಡಿಸಿದ್ರ ನೀ ಯಾವುದನ್ನ ಕೇಳಾಕತ್ತಿ ಅನ್ನೂದ ತಿಳೀದಿಲ್ಲ’ ಎಂದರು.

‘ಆಪರೇಷನ್ ಕಮಲ’ ಎಂಬ ಮಾತು ಹುಟ್ಟಿದ್ದು 2008ರ ವಿಧಾನಸಭೆಯ ಲೆಕ್ಕಾಚಾರದಲ್ಲಿ. 2019ರಲ್ಲಿ ಸಮ್ಮಿಶ್ರ ಸರಕಾರ ಬಿದ್ದಾಗ ಅದು ಮತ್ತೆ ಎಲ್ಲರ ಬಾಯಲ್ಲಿತ್ತು. ಅದರ ಮೇಲೆ ಗಟ್ಟಿಯಾದ ಒಂದು ಜೋಕು ಬರೆಯಬೇಕಾದ್ದೇ, ಆದರೆ ಅದರದೇ ತಾರೀಖುಗಳ ಮೇಲೆ. ಪಾಲಿಕೆಯ ಒಂಬತ್ತು ತಿಂಗಳ ಬಾಲಕ್ಕೆ ಅದನ್ನು ಕಟ್ಟಿದರೆ ಜನ ನಗುವುದು ಹಳೆಯ ಪರಿಚಯದ ಮಾತು ಕಿವಿಗೆ ಬಿತ್ತೆಂಬ ಸಂತೋಷಕ್ಕೆ. ಮೇಯರ್ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಆ ನಗುವಿನಲ್ಲಿ ಕೊಚ್ಚಿ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚು ನಗು ತಂದ ಸಾಲನ್ನು ನಾನು ಹೊಡೆದು ಹಾಕಿದೆ. ಜೋಕು ‘ಪಾಲಿಕಿ ತೊಟ್ಟಲ ಇನ್ನೂ ಖಾಲಿ ಇತ್ರಿ’ ಎಂಬಲ್ಲಿಗೆ ನಿಂತಿತು. ಹೆಸರು ಬದಲಿಸಿ ನೋಡುವ ನನ್ನ ಪರೀಕ್ಷೆ ಸ್ಪಷ್ಟ ರೂಪ ಪಡೆದದ್ದು ಅವತ್ತು ರಾತ್ರಿ. ಆ ಒಂಬತ್ತು ತಿಂಗಳನ್ನು ಮೈಸೂರಿಗೋ ಬೆಳಗಾವಿಗೋ ಒಯ್ದರೆ ಜೋಕು ನಿಲ್ಲುವುದಿಲ್ಲ. ಅದು ನಮ್ಮೂರಿನ ಜೋಕು.

ಇಷ್ಟೊತ್ತಿಗೆ ಕೆಫೆಯ ಮಾಲೀಕರು ಬರೆದದ್ದನ್ನು ಮುಂಚೆ ನೋಡಬೇಕು ಎಂದರು. ಅವರ ಅಂಜಿಕೆ ನನಗೆ ಅರ್ಥವಾಗುತ್ತಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಹಾಸ್ಯಗಾರ ಕುನಾಲ್ ಕಾಮ್ರಾ ಒಬ್ಬ ನಾಯಕರ ಮೇಲೆ ಹಾಡು ಕಟ್ಟಿದ್ದಕ್ಕೆ ಮುಂಬೈಯ ಖಾರ್‌ನಲ್ಲಿರುವ ಹ್ಯಾಬಿಟಾಟ್ ಎಂಬ ಜಾಗವನ್ನು ಪಕ್ಷದ ಕಾರ್ಯಕರ್ತರು ಒಡೆದು ಹಾಕಿದ್ದರು. ಮರುದಿನ ಮುಂಬೈ ಪಾಲಿಕೆಯವರೂ ಸುತ್ತಿಗೆ ಹಿಡಿದು ಬಂದರು. ಹಾಡಿದವನಿಗಿಂತ ಮೊದಲು ಪೆಟ್ಟು ತಿಂದದ್ದು ಕುರ್ಚಿ, ದೀಪ, ಜಾಗ ಕೊಟ್ಟವರು. ಇನ್ನೊಬ್ಬ ಹಾಸ್ಯಗಾರ ಮುನವ್ವರ್ ಫಾರೂಕಿಯನ್ನು 2021ರ ಜನವರಿ 1ರಂದು ಇಂದೋರಿನಲ್ಲಿ ಬಂಧಿಸಿದಾಗ ಅವರು ಒಂದು ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದರು. ಸುಪ್ರೀಂ ಕೋರ್ಟು ಜಾಮೀನು ಕೊಟ್ಟಮೇಲೆ ಹೊರಬಂದರು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೂ ಅವರ ಪ್ರದರ್ಶನ ರದ್ದಾಯಿತು. ಇಂಟರ್ನೆಟ್ಟಿನಲ್ಲಿ ಆಡಿದ ಮಾತಿಗೆ ಜೈಲಿಗೆ ಹಾಕಲು ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದೇ ರದ್ದು ಮಾಡಿದೆ ಎಂದು ನಾನು ಹೇಳಿದೆ. ಮಾಲೀಕರು ಕೇಳಿಸಿಕೊಂಡರು. ‘ಮೇಡಂ, ಕಲಂ ಹೋತು ಖರೆ. ನನ್ನ ಕುರ್ಚಿ ಮುರದ್ರ ಕೋರ್ಟ್ ಬಂದು ಜೋಡಸ್ತದೇನ್ರಿ? ಹೆಸರು ತಗೀಬ್ಯಾಡ್ರಿ, ಉಳದಿದ್ದ ಏನಾರ ಹೇಳ್ರಿ’ ಎಂದರು.

ಇದು ನನಗೆ ನೋವಿನ ವಿಷಯ, ಈಗಲೂ. ಹಿರಣ್ಣಯ್ಯನವರು ಹೆಸರು ಹಿಡಿದೇ ಮಾತಾಡಿದ ನಾಡಿದು. ಚುನಾಯಿತರಾದವರ ಹೆಸರನ್ನು ಅವರು ಮಾಡಿದ ಕೆಲಸದ ಜೊತೆ ಹೇಳುವುದು ಪ್ರಜೆಯ ಹಕ್ಕು. ಹಾಗೆಂದು ಇನ್ನೊಬ್ಬರ ದುಡಿಮೆಯ ಜಾಗವನ್ನು ನನ್ನ ಹಕ್ಕಿಗೆ ಒತ್ತೆ ಇಡುವುದೂ ನನ್ನಿಂದಾಗದ ಮಾತು. ಹೆಸರಿಲ್ಲದೆ, ಆದರೆ ಯಾವುದನ್ನೂ ಮಸುಕು ಮಾಡದೆ ಹೇಳುವ ದಾರಿ ಹುಡುಕಬೇಕಾಯಿತು.

ದಾರಿ ಸಿಕ್ಕದ್ದು ನಮ್ಮ ಕಡೆಯ ಬಯಲಾಟವಾದ ದೊಡ್ಡಾಟದಲ್ಲಿ. ನನ್ನ ಅಜ್ಜನ ಊರು ಹಾವೇರಿ ಜಿಲ್ಲೆಯಲ್ಲಿ. ಸುಗ್ಗಿ ಮುಗಿದಮೇಲೆ ಅಲ್ಲಿ ರಾತ್ರಿಯಿಡೀ ಆಟ. ರಾಜ, ದೈತ್ಯ, ಯಾರೇ ರಂಗಕ್ಕೆ ಬರಲಿ, ಕಿರೀಟ, ಭುಜಕೀರ್ತಿ ಎಲ್ಲ ಕಟ್ಟಿಕೊಂಡು ಹೆಜ್ಜೆ ಹಾಕಿ ನಿಂತ ಕೂಡಲೇ ಆಟ ನಡೆಸಿಕೊಡುವ ಸಾರಥಿ ಎದುರು ಬಂದು ಕೇಳುತ್ತಾನೆ: ಬಂದಂಥವರು ದಾರು? ಯಾವ ಊರು? ಈ ಸಭಾಸ್ಥಾನಕ್ಕ ಬಂದ ಕಾರಣವೇನು? ರಾಜನಾದರೂ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಕಿರೀಟ ಇಲ್ಲದವನು ಕಿರೀಟ ಇದ್ದವನಿಗೆ ಸಭೆಯ ಮುಂದೆ ‘ನೀ ಯಾರು, ಯಾಕ ಬಂದಿ’ ಎಂದು ಕೇಳುವ ಹಕ್ಕನ್ನು ನಮ್ಮ ಹಳ್ಳಿಯ ಜನ ಆಟದೊಳಗೇ ಬರೆದು ಇಟ್ಟಿದ್ದಾರೆ. ಮೈಕ್ ಹಿಡಿದು ಒಂಟಿಯಾಗಿ ನಿಂತು ಆಳುವವರ ಬಗ್ಗೆ ಮಾತಾಡುವ ಕಲೆ ನಮಗೆ ಹೊರಗಿನದೆಂದು ಯಾರಾದರೂ ಅಂದರೆ ನನಗೆ ಸಾರಥಿಯೇ ನೆನಪಾಗುತ್ತಾನೆ.

ನಾನು ನಾಯಕರ ಬದಲು ಯೋಜನೆಗಳಿಗೇ ಕಿರೀಟ ಕಟ್ಟಿ ರಂಗಕ್ಕೆ ಕರೆದೆ. ಸಾರಥಿ ಕೇಳುತ್ತಾನೆ, ಯೋಜನೆ ಉತ್ತರ ಕೊಡುತ್ತದೆ. ಮೊದಲು ಬಂದದ್ದು ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್.

‘ಬಂದಂಥವರು ದಾರು?’
‘ಜಗತ್ತಿನ ಅತೀ ಉದ್ದನ ಪ್ಲಾಟ್‌ಫಾರ್ಮ್ ನಾವೇ!’
‘ಎಷ್ಟ ಉದ್ದ ಇದ್ದೀರಿ ಮಹಾರಾಜ?’
‘ಒಂದು ಸಾವಿರದ ಐದುನೂರಾ ಏಳು ಮೀಟರ್!’
‘ಉದ್ಘಾಟನಾ ಯಾವಾಗ ಆತು?’
‘2023 ಮಾರ್ಚ್ 12ಕ್ಕ!’
‘ವಿಧಾನಸಭಾ ಎಲೆಕ್ಷನ್ ಯಾವಾಗ ಇತ್ತು?’
‘ಮೇ 10ಕ್ಕ!’
‘ಅಂದ್ರ ಐವತ್ತೊಂಬತ್ತು ದಿವಸ. ಮಹಾರಾಜರು ಮೀಟರಿನ್ಯಾಗ ಭಾಳ ಉದ್ದ ಇದ್ದೀರಿ, ದಿವಸದಾಗ ಭಾಳ ಗಿಡ್ಡ ಇದ್ದೀರಿ.’

ಪ್ಲಾಟ್‌ಫಾರ್ಮ್ ಬಗ್ಗೆ ಊರಿನಲ್ಲಿ ಓಡಾಡುವ ಜೋಕು ಬೇರೆಯದೇ ಇದೆ. ಈ ತುದಿಯಿಂದ ಆ ತುದಿಗೆ ನಡೆಯುವಷ್ಟರಲ್ಲಿ ರೈಲು ಬೆಂಗಳೂರು ಮುಟ್ಟಿರುತ್ತದೆ ಎಂಬುದು. ಅದಕ್ಕೂ ನಗಬಹುದು. ನನಗೆ ಬೇಕಾದದ್ದು ಆ ಐವತ್ತೊಂಬತ್ತು ದಿನ. ಉದ್ದನೆಯ ಪ್ಲಾಟ್‌ಫಾರ್ಮ್ ನಮ್ಮ ಊರಿಗೆ ಒಳ್ಳೆಯದೇ, ನನಗೂ ಅದರ ಅಭಿಮಾನವಿದೆ. ರಿಬ್ಬನ್ ಕತ್ತರಿಸುವ ದಿನವನ್ನು ಯಾರು ಯಾವ ಕ್ಯಾಲೆಂಡರ್ ನೋಡಿ ಆರಿಸಿದರು ಎಂದು ಕೇಳಲು ಆ ಅಭಿಮಾನ ಅಡ್ಡ ಬರಬಾರದು.

ಎರಡನೆಯದು ಮಹಾದಾಯಿ ನದಿಯ ನೀರಿನ ಯೋಜನೆ. ಇದನ್ನು ಬರೆಯಲು ಬಹಳ ಕಷ್ಟವಾಯಿತು. 2015ರಲ್ಲಿ ಗದಗ ಜಿಲ್ಲೆಯ ನರಗುಂದದಲ್ಲಿ ಶುರುವಾದ ರೈತರ ಧರಣಿ ವರ್ಷಗಟ್ಟಲೆ ನಡೆಯಿತು. ನವಲಗುಂದದ ಕಡೆ ಲಾಠಿ ಏಟು ತಿಂದವರು, ಕೇಸು ಹಾಕಿಸಿಕೊಂಡು ಕೋರ್ಟಿಗೆ ಅಲೆದವರು ನಮ್ಮ ಸಂಬಂಧಿಕರಲ್ಲೇ ಇದ್ದಾರೆ. ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಹಂಚಿತು. ಅದರಲ್ಲಿ ಆ ನೀರನ್ನು ನಮ್ಮ ಕಡೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗೆ 3.9. ಗೆಜೆಟ್ ಅಧಿಸೂಚನೆ 2020ರ ಫೆಬ್ರುವರಿಯಲ್ಲಿ ಬಂತು. ಕೇಂದ್ರ ಜಲ ಆಯೋಗ 2022ರ ಡಿಸೆಂಬರಿನಲ್ಲಿ ಯೋಜನಾ ವರದಿಗೆ ಒಪ್ಪಿತು. ಈ ನೋವಿನ ಮೇಲೆ ಜೋಕು ಮಾಡುವುದೇ ಎಂದು ನನ್ನನ್ನು ನಾನು ಕೇಳಿಕೊಂಡೆ. ರೈತನಿಗೆ ಒಂದು ಮಾತೂ ತಾಗಬಾರದು, ಕಾಗದಕ್ಕೆ ಮಾತ್ರ ತಾಗಬೇಕು ಎಂದು ನಿಶ್ಚಯ ಮಾಡಿ ಬರೆದದ್ದು ಇದು:

‘ಬಂದಂಥವರು ದಾರು?’
(ಒಳಗಿನಿಂದ) ‘ನಾನು ಮಹಾದಾಯಿ. ಇನ್ನೂ ಬಂದಿಲ್ಲ.’
‘ಬರದ ಒಳಗಿಂದ ಯಾಕ ಮಾತಾಡ್ತೀರಿ?’
‘ಎಲೆಕ್ಷನ್ ಬಂದೈತಿ, ಒಂಚೂರು ದನಿ ಮಾಡು ಅಂದ್ರು.’
‘ತೀರ್ಪು ಬಂತಲ್ಲ?’
‘2018ಕ್ಕ ಬಂತು.’
‘ಗೆಜೆಟ್?’
‘2020ಕ್ಕ ಬಂತು.’
‘ವರದಿಗೆ ಒಪ್ಪಿಗಿ?’
‘2022ಕ್ಕ ಬಂತು.’
‘ಎಲ್ಲಾ ಬಂದಾವು, ನೀವ್ಯಾಕ ಬರಲಿಲ್ಲ ತಾಯಿ?’
‘ಮೊದಲ ಕಾಗದ ಎಲ್ಲಾ ಬರಲಿ ಅಂದ್ರಪ್ಪಾ. ನಾ ಬಂದ್ರ ಕಾಗದ ತೋಯ್ತಾವಂತ.’

ಈ ಜೋಕು ಒಂದು ಪಕ್ಷಕ್ಕೆ ಸೇರಿದ್ದಲ್ಲ. ಆ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಎಲ್ಲ ಪಕ್ಷದವರೂ ಕುರ್ಚಿಯ ಮೇಲೆ ಕೂತು ಎದ್ದಿದ್ದಾರೆ. ಆದರೂ ಇದು ‘ಎಲ್ಲಾರೂ ಅಷ್ಟ’ ಅನ್ನುವ ಜೋಕಲ್ಲ, ಯಾಕೆಂದರೆ ಪ್ರತಿಯೊಂದು ಇಸವಿಯಲ್ಲೂ ಯಾರು ಎಲ್ಲಿ ಇದ್ದರು ಎಂಬುದು ಕೇಳುವವರಿಗೆ ಗೊತ್ತು. ಹೆಸರನ್ನು ಅವರವರೇ ತುಂಬಿಕೊಳ್ಳುತ್ತಾರೆ. ಮಾಲೀಕರು ಓದಿ ನಕ್ಕರು. ‘ಇದ್ರಾಗ ಯಾರ ಹೆಸರೂ ಇಲ್ಲ, ಆದ್ರ ಎಲ್ಲಾರೂ ಅದಾರಲ್ರಿ’ ಎಂದು ಒಪ್ಪಿಗೆ ಕೊಟ್ಟರು.

ಭಾಷೆಯ ಬಗ್ಗೆ ಒಂದು ಮಾತು. ಯೂಟ್ಯೂಬಿನಲ್ಲಿ ಸಿಗುವ ಕನ್ನಡ ಸ್ಟ್ಯಾಂಡ್‌ಅಪ್ ಹೆಚ್ಚಿನದು ಬೆಂಗಳೂರಿನ ಮಾತಿನಲ್ಲಿದೆ. ಲೋಲ್‌ಬಾಗ್‌ನಂಥ ತಂಡಗಳು ಅದನ್ನು ಚೆಂದ ಬಳಸುತ್ತವೆ. ನಮ್ಮ ಹುಡುಗರು ಮೈಕ್ ಸಿಕ್ಕ ಕೂಡಲೇ ಅದೇ ದನಿಗೆ ಜಾರುತ್ತಾರೆ. ಧಾರವಾಡ ಕನ್ನಡ ಬಂದರೆ ಅದು ಜವಾರಿ ಪಾತ್ರದ ಬಾಯಲ್ಲಿ, ನಗಿಸಲಿಕ್ಕೆ. ನನಗೆ ನಮ್ಮ ಮಾತು ವಾದ ಮಾಡಲಿಕ್ಕೆ ಬೇಕಿತ್ತು. ತಾರೀಖು, ಟಿಎಂಸಿ, ಗೆಜೆಟ್ ಎಲ್ಲವನ್ನೂ ಅದೇ ಮಾತಿನಲ್ಲಿ ಗಂಭೀರವಾಗಿ ಹೇಳಬೇಕಿತ್ತು. ಬಚ್ಚಲಮನೆಯಲ್ಲಿ, ಮಾಳಿಗೆಯ ಮೇಲೆ, ಸಾಧನಕೇರಿಯ ದಂಡೆಯಲ್ಲಿ ನಡೆಯುತ್ತ ಗಟ್ಟಿಯಾಗಿ ಹೇಳಿ ಹೇಳಿ ನೋಡಿದೆ. ‘ಅಧಿಸೂಚನೆ ಹೊರಡಿಸಲಾಯಿತು’ ಎಂಬುದು ‘ಗೆಜೆಟ್ ಬಂತು’ ಆದಾಗ ಸಾಲಿಗೆ ಉಸಿರು ಬಂತು.

ಆ ಶನಿವಾರ ಮಳೆ ಜೋರಿತ್ತು, ಆದರೂ ಕೆಫೆ ತುಂಬಿತ್ತು. ಅವ್ವ, ಕಾಕಾ ಹಿಂದಿನ ಮೇಜಿಗೆ ಕೂತಿದ್ದರು. ಅವ್ವನ ಮೂರು ಸಾಲಿಗೆ ಮೊದಲು ನಕ್ಕವರು ಹುಡುಗಿಯರು. ನಿಂತು ಹೋಗುವ ಕಷ್ಟ ಅವರಿಗೆ ಗೊತ್ತು. ತೊಟ್ಟಿಲ ಜೋಕಿಗೆ ನಗು ತಡವಾಗಿ ಬಂತು. ಜನ ಬೆರಳ ಮೇಲೆ ತಿಂಗಳು ಎಣಿಸುತ್ತಿದ್ದುದು ವೇದಿಕೆಯಿಂದ ಕಾಣುತ್ತಿತ್ತು, ಎಣಿಸಿ ಮುಗಿದಮೇಲೆ ಎದ್ದ ನಗು ಗಟ್ಟಿಯಾಗಿತ್ತು. ಲೆಕ್ಕ ಮಾಡಿ ನಕ್ಕ ನಗು ಅದು, ನನಗೆ ಬೇಕಾದದ್ದೇ ಅದು. ಪ್ಲಾಟ್‌ಫಾರ್ಮ್ ಬಂದಾಗ ಒಂದು ಮೇಜಿನ ಹುಡುಗರು ಕೈಕಟ್ಟಿ ಕೂತರು. ಮಹಾದಾಯಿ ‘ಇನ್ನೂ ಬಂದಿಲ್ಲ’ ಅಂದಾಗ ಅದೇ ಹುಡುಗರು ಮೇಜು ತಟ್ಟಿದರು. ಆಮೇಲೆ ‘ದನಿ ಮಾಡು ಅಂದ್ರು’ ಬಂದಾಗ ಕೈಕಟ್ಟಿದವರು, ತಟ್ಟಿದವರು ಎಲ್ಲರೂ ಒಂದೇ ಸಲ ನಕ್ಕರು.

ಮುಗಿದಮೇಲೆ ಒಬ್ಬ ವಿದ್ಯಾರ್ಥಿ ಬಂದು ಮಾತಾಡಿಸಿದ. ನರಗುಂದದ ಕಡೆಯವನು. ‘ಅಕ್ಕಾರ, ಕಾಗದದ ಜೋಕಿಗೆ ನಮ್ಮಪ್ಪನ ನೆನಪಾತ್ರಿ. ಧರಣ್ಯಾಗ ಕುಂತಾಗಿನ ಪೇಪರ್ ಕಟಿಂಗ್ ಎಲ್ಲಾ ಗಂಟ ಕಟ್ಟಿ ಇಟ್ಟಾನ. ಅವಂಗ ಫೋನ್‌ನ್ಯಾಗ ಕೇಳಸ್ತೀನಿ, ಇನ್ನೊಮ್ಮೆ ಹೇಳ್ರಿ’ ಎಂದ. ಗದ್ದಲದಲ್ಲೇ ನಿಂತು ಅವನ ಫೋನಿಗೆ ಪೂರ್ತಿ ಹೇಳಿದೆ. ಆ ಕಡೆಯಿಂದ ಅವರಪ್ಪ ನಕ್ಕರು. ನಕ್ಕು, ‘ಒಂದ ಬಿಟ್ರೆಲ್ಲವಾ, ಅರಣ್ಯದವರ ಒಪ್ಪಿಗಿ ಅನ್ನೂದೂ ಒಂದು ಕಾಗದ ಐತಿ, ಅದನ್ನೂ ಸೇರಸ್ರಿ’ ಅಂದರು. ಸೇರಿಸಿದೆ. ಈಗ ಹೇಳುವಾಗ ಸಾರಥಿ ಆ ಕಾಗದವನ್ನೂ ಕೇಳುತ್ತಾನೆ.

ಕಾಕಾ ಮನೆಗೆ ಬರುವ ದಾರಿಯಲ್ಲಿ ಉಣಕಲ್ ದಾಟುವತನಕ ಏನೂ ಮಾತಾಡಲಿಲ್ಲ. ಆಮೇಲೆ, ‘ಪ್ಲಾಟ್‌ಫಾರ್ಮ್ ದಿವಸ ಎಣಿಸಿದ್ದು ಬರೋಬ್ಬರಿ ಐತಿ. ನಾನೂ ಮನ್ಯಾಗ ಎಣಿಸಿದೆ’ ಎಂದರು. ನನಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಿರಲಿಲ್ಲ.

ಈಗ ಹೊಸ ಸೆಟ್ ಬರೆಯುತ್ತಿದ್ದೇನೆ. 1962ರಲ್ಲಿ ಹುಬ್ಬಳ್ಳಿ, ಧಾರವಾಡ ಕೂಡಿಸಿ ಒಂದೇ ಪಾಲಿಕೆ ಮಾಡಿದರು. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಧಾರವಾಡದವಳಾಗಿ ನನಗೆ ಇದು ಬೇಕು, ಬಹಳ ದಿನದಿಂದ ಬೇಕಿತ್ತು. ಆದ್ದರಿಂದಲೇ ಇದರ ಮೇಲೆ ಬರೆಯಬೇಕು ಅನ್ನಿಸಿದೆ. ಈ ಸಲ ರಂಗಕ್ಕೆ ಬರುವವರು ಇಬ್ಬರು ಅಕ್ಕತಂಗಿಯರು, ಪಾಲು ಕೇಳಲು ಬಂದವರು. ಬಂದಂಥವರು ದಾರು ಎಂದು ಕೇಳಿದಮೇಲೆ ಸಾರಥಿ ಏನು ಕೇಳಬೇಕೆಂಬುದು ನಿಶ್ಚಯವಾಗಿದೆ: ‘ಆಸ್ತಿ ಪಾಲು ಆಮ್ಯಾಲ ನೋಡೂಣು, ಸಾಲದ ಕಾಗದ ಯಾರ ಉಡಿಯಾಗ ಹಾಕೂದು?’ ಅಕ್ಕತಂಗಿಯರು ಏನು ಉತ್ತರ ಕೊಡಬೇಕೆಂದು ತಿಳಿಯಲು ಪಾಲಿಕೆಯ ಬಜೆಟ್ ಪುಸ್ತಕ ತಂದು ಓದುತ್ತಿದ್ದೇನೆ. ಅಂಕಿಗಳ ಕೆಳಗೆ ಗೆರೆ ಎಳೆಯಲು ಕಾಕಾ ತಮ್ಮ ಕೆಂಪು ಪೆನ್ನು ಕೊಟ್ಟಿದ್ದಾರೆ.